ಜಿಪ್ಸಿಗೆ 18 ಇಂಚಿನ ಅಲಾಯೋ, ಹಳೆಯ 15ರ ಡಿಸ್ಕೋ

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟರೂ ಎರಡನೇ ಪ್ಯಾರಾಕ್ಕೆ ನಿಮಗೆ ಗೊತ್ತಾಗಿಬಿಡುತ್ತದೆ. ನನ್ನ ಮತ ಕಂಪನಿಯ ಹಳೆಯ ಕಬ್ಬಿಣದ ಡಿಸ್ಕಿಗೆ (ಟೈರು ಕೂರುವ ಲೋಹದ ಚಕ್ರಕ್ಕೆ) ಏರಿಸಿದ 215/75 ಆರ್ 15 ಆಲ್ ಟೆರೇನ್, ಅಂದರೆ ಟಾರಿಗೂ ಮಣ್ಣಿಗೂ ಆಗುವ ಟೈರಿಗೆ. ಈ ಅಂಕಿಗಳಲ್ಲಿ ಮೊದಲನೆಯದು ಟೈರಿನ ಅಗಲ ಮಿ.ಮೀ.ನಲ್ಲಿ, ಎರಡನೆಯದು ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ ಎಷ್ಟು ಅಂತ, ಕೊನೆಯದು ಡಿಸ್ಕಿನ ಇಂಚು. 18 ಇಂಚಿನ ಅಲಾಯ್ (ಅಲ್ಯೂಮಿನಿಯಂ ಡಿಸ್ಕು), ಅದರ ಮೇಲೆ ಲೋ ಪ್ರೊಫೈಲ್, ಅಂದರೆ ಗೋಡೆ ಗಿಡ್ಡ ಇರುವ ಟೈರು ನೋಡಲಿಕ್ಕೆ ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ ಆ ಚೆಂದ ಹುಬ್ಬಳ್ಳಿಯ ಗೋಕುಲ ರೋಡಿನ ಮಟ್ಟಿಗೆ. ನವಲಗುಂದದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಹೋಗುವವರಿಗೆ ಅದು ಬೇಡ.

ಗಾಡಿ ಮಾರುತಿ ಜಿಪ್ಸಿ ಕಿಂಗ್, ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಇಂಜಿನ್ನಿನದು, ಕೆಎ-25 ನಂಬರು. ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಅದರ ಕೆಳಗೆ 18 ಇಂಚಿನ ಕಪ್ಪು ಅಲಾಯ್ ಇದ್ದವು, ಟೈರು 225/55. ಹಿಂದಿನ ಮಾಲೀಕರು ಗಾಡಿಯನ್ನು ಹುಬ್ಬಳ್ಳಿ-ಧಾರವಾಡ ಬಿಟ್ಟು ಹೊರಗೆ ಒಯ್ದವರಲ್ಲ. ಕಂಪನಿಯ ಐದೂ ಡಿಸ್ಕುಗಳನ್ನು 205/70 ಆರ್ 15 ಟೈರು ಸಮೇತ ಜೋಪಾನವಾಗಿ ಇಟ್ಟಿದ್ದರು, ಗಾಡಿಯ ಜೊತೆ ಅವನ್ನೂ ಕೊಟ್ಟರು. ಹೀಗಾಗಿ ಒಂದೇ ಗಾಡಿಗೆ ಮೊದಲು 18, ಆಮೇಲೆ ಕಂಪನಿ ಟೈರು, ಅವು ಸವೆದ ಮೇಲೆ ಅದೇ ಡಿಸ್ಕಿಗೆ 215/75 ಹಾಕಿ ಓಡಿಸಿದ್ದಾಯಿತು.

ಒಂದು ಲೆಕ್ಕ ಮಾತ್ರ ಇಲ್ಲಿ ಹೇಳಲೇಬೇಕು. 215/75 ಆರ್ 15 ಗಾಲಿಯ ಒಟ್ಟು ಎತ್ತರ ಸುಮಾರು 703 ಮಿ.ಮೀ. 225/55 ಆರ್ 18ರದ್ದು 705. ಅಂದರೆ ಹೊರಗಿನಿಂದ ಎರಡೂ ಒಂದೇ ಎತ್ತರ! 18 ಹಾಕಿದರೆ ಗಾಡಿ ಜಾಸ್ತಿ ಎತ್ತರ ಆಗುತ್ತದೆ ಅಂತ ಅಂಗಡಿಯಲ್ಲಿ ಹೇಳುತ್ತಾರಲ್ಲ, 205/70 ಜೊತೆ ಹೋಲಿಸಿದರೆ ಅದು ನಿಜ, 215/75 ಜೊತೆ ಹೋಲಿಸಿದರೆ ಏನೂ ಇಲ್ಲ. ವ್ಯತ್ಯಾಸ ಇರುವುದು ನೆಲಕ್ಕೂ ಲೋಹಕ್ಕೂ ನಡುವಿನ ರಬ್ಬರಿನಲ್ಲಿ: 15ರಲ್ಲಿ 161 ಮಿ.ಮೀ., 18ರಲ್ಲಿ 124. ಕಡಿಮೆಯಾದ ರಬ್ಬರಿನ ಜಾಗದಲ್ಲಿ ಅಲ್ಯೂಮಿನಿಯಂ ಬಂದಿದೆ, ಅದಕ್ಕೇ ನಾವು ಹೆಚ್ಚು ದುಡ್ಡು ಕೊಡುವುದು.

ಎತ್ತರ ಬೇಕಾದದ್ದು ಯಾಕೆ ಅಂದರೆ, ಜಿಪ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ (ಎಡಬಲ ಗಾಲಿಗಳನ್ನು ಜೋಡಿಸುವ ಒಂದೇ ದಂಡ), ಪಾಟಾ ಸ್ಪ್ರಿಂಗು. ಪಾಟಾ ಎತ್ತರಿಸಿದರೆ ಬಾಡಿ ಏರುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಟ್ರ್ಯಾಕ್ಟರ್ ಓಡಾಡಿದ ಹಾದಿಯ ನಡುವಿನ ದಿಣ್ಣೆಗೆ ಬಡಿಯುವುದು ಆಕ್ಸಲ್ ಮೇಲಿನ ಡಿಫರೆನ್ಷಿಯಲ್ ಗುಂಡು, ಅಂದರೆ ಎರಡೂ ಗಾಲಿಗೆ ಶಕ್ತಿ ಹಂಚುವ ಗೇರುಗಳ ಡಬ್ಬಿ. ಅದನ್ನು ಏರಿಸಬೇಕಾದರೆ ಟೈರು ದೊಡ್ಡದಾಗದೆ ಬೇರೆ ದಾರಿಯಿಲ್ಲ. 205/70 ಗಾಲಿಯ ಎತ್ತರ 668, ಆಕ್ಸಲ್ ಏರುವುದು ವ್ಯತ್ಯಾಸದ ಅರ್ಧ, ಹಾಗಾಗಿ ದೊಡ್ಡ ಟೈರಿನಿಂದ ಸಿಗುವುದು 18 ಮಿ.ಮೀ. ಕೇಳಲಿಕ್ಕೆ ಏನೂ ಅಲ್ಲ. ಆದರೆ ಕಂಪನಿ ಟೈರಿನಲ್ಲಿ ನಮ್ಮ ಹಾದಿಯಲ್ಲಿ ಕೆಳಗೆ ಕೆರೆಯುವ ಸದ್ದು ಬರುತ್ತಿತ್ತು, ಈಗ ಬರುವುದಿಲ್ಲ.

ಇನ್ನು 18ರ ಜೊತೆ ನನಗೆ ಜಗಳ ಹತ್ತಿದ ವಿಷಯ. ಅದು ತಗ್ಗಿನಿಂದ ಶುರುವಾದದ್ದಲ್ಲ, ರಾಡಿಯಿಂದ.

ನಮ್ಮ ಹೊಲ ಅಣ್ಣಿಗೇರಿ ದಾಟಿ ನವಲಗುಂದದ ಕಡೆ. ಟಾರು ಮುಗಿದ ಮೇಲೆ ಪೂರಾ ಎರಿ ಹಾದಿ. ಹೆಸರು ಬಿತ್ತುವ ಹೊತ್ತಿಗೆ ನಾಲ್ಕು ಹನಿ ಬಿದ್ದಿತ್ತು, ಫೋರ್ ವೀಲ್ ಡ್ರೈವ್ ಹಾಕಿ ಹೋಗಿ ಬಂದೆ, ಮನೆಗೆ ಬಂದು ಪೈಪ್ ಹಿಡಿದು ಗಾಲಿ ತೊಳೆದೆ. ಮರುದಿನ ಗದಗ ರೋಡಿನಲ್ಲಿ ಮೀಟರ್ 60 ದಾಟಿದ ಕೂಡಲೇ ಸ್ಟೇರಿಂಗ್ ಎರಡೂ ಕಡೆ ಅದುರತೊಡಗಿತು. ಕೈಯಲ್ಲಿ ಬಿಗಿ ಹಿಡಿದರೆ ತೋಳಿಗೆ ಬರುತ್ತಿತ್ತು. 75 ದಾಟಿಸಿದರೆ ತಣ್ಣಗಾಗುತ್ತಿತ್ತು, ಇಳಿಸುವಾಗ ಮತ್ತೆ ಅದೇ.

ಗಾಲಿಯ ತೂಕ ಸುತ್ತಲೂ ಸಮ ಮಾಡುವ ಬ್ಯಾಲೆನ್ಸಿಂಗ್ ಅಂಗಡಿಗೆ ಹೋದೆ. ಮಷೀನಿಗೆ ಏರಿಸಿ, ರಿಮ್ಮಿನ ಒಳಗೋಡೆಗೆ ವೇಟ್ (ತೂಕದ ಸಣ್ಣ ತುಂಡು) ಅಂಟಿಸಿ ಕೊಟ್ಟರು. ಸರಿಯಾಯಿತು. ಹೊಲಕ್ಕೆ ಹೋಗಿ ಬಂದೆ, ಮತ್ತೆ ಶುರು. ಅವರು ಈ ಸಲ ಅಲೈನ್‌ಮೆಂಟ್ ಮಾಡಬೇಕು ಅಂದರು. ಗಟ್ಟಿ ಆಕ್ಸಲ್‌ನಲ್ಲಿ ತಿರುಗಿಸಲಿಕ್ಕೆ ಇರುವುದು ಟೋ (ಗಾಲಿಗಳ ಮೂತಿ ಒಳಕ್ಕೋ ಹೊರಕ್ಕೋ ಇರುವುದು) ಒಂದೇ, ಆದರೂ ಬಿಲ್ಲಿನಲ್ಲಿ ಕ್ಯಾಂಬರ್ (ಗಾಲಿ ಪಕ್ಕಕ್ಕೆ ವಾಲಿರುವುದು) ಅಂತಲೂ ಬರೆದಿದ್ದರು. ನಮ್ಮ ಮೇಸ್ತ್ರಿ ಗಾಡಿ ಜಾಕ್ ಮೇಲೆ ಎತ್ತಿ ಗಾಲಿ ಅಲುಗಾಡಿಸಿ ನೋಡಿ, "ಟೈ ರಾಡ್ ಎಂಡ್ ಹೋಗ್ಯಾವ್ರಿ, ಕಿಂಗ್ ಪಿನ್ ಬೇರಿಂಗೂ ಸಡ್ಲ ಐತಿ" ಅಂದ. ಅದು ಸುಳ್ಳಲ್ಲ. ಹಳೆಯ ಜಿಪ್ಸಿಯಲ್ಲಿ ಮುಂದಿನ ಗಾಲಿ ತಿರುಗಿಸುವ ಈ ಎರಡೂ ಕೀಲು ಸವೆದಿರುವುದು ಮಾಮೂಲು. ಎಂಡ್ ಬದಲಾಯಿಸಿ, ಬೇರಿಂಗ್ ಬಿಗಿ ಮಾಡಿಸಿದ ಮೇಲೆ ನಡುಕ ಅರ್ಧ ಆಯಿತು. ಪೂರಾ ಹೋಗಲಿಲ್ಲ.

ಕೊನೆಗೆ ಹಿಡಿದುಕೊಟ್ಟದ್ದು ಅಣ್ಣಿಗೇರಿಯ ಪಂಚರ್ ಅಂಗಡಿಯ ಕಾಕಾ. ಗಾಳಿ ಹಿಡಿಸಲಿಕ್ಕೆ ನಿಂತಿದ್ದೆ. "ಸಾಹೇಬ್ರ, ಗಾಲಿ ಹೊರಗ ತೊಳದೀರಿ, ಒಳಗ ಯಾರು ತೊಳೀಬೇಕು?" ಅಂತ ಕೇಳಿ ಸ್ಪೋಕ್ ಸಂದಿಯಲ್ಲಿ ಕೈ ಹಾಕಿ ಒಣಗಿದ ಎರಿಯ ಒಂದು ಚಕ್ಕೆ ಮುರಿದು ತೆಗೆದರು. ಆ ಮೇಲೆ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ ಇನ್ನೊಂದು ಮಾತು ಸೇರಿಸಿದರು: "ರೇಷ್ಮಿ ಧೋತರ ಉಟ್ಟು ಹರಗಲಿಕ್ಕ ಹೊಂಟಂಗ ಕಾಣತೈತ್ರಿ."

ನಮ್ಮ ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಇರುತ್ತದೆ. ನೀರು ಕುಡಿದು ಉಬ್ಬುತ್ತದೆ, ಅಂಟುತ್ತದೆ, ಒಣಗಿದರೆ ಗಟ್ಟಿಯಾಗಿ ಬಿರಿಯುತ್ತದೆ. ಗಾಡಿ ನಿಂತಾಗ ರಿಮ್ಮಿನ ಒಳಗಿನ ಹಸಿ ರಾಡಿ ಕೆಳಕ್ಕೆ ಇಳಿದು ಒಂದೇ ಕಡೆ ಗಡ್ಡೆ ಕಟ್ಟುತ್ತದೆ, ರಾತ್ರಿ ಕಳೆಯುವಷ್ಟರಲ್ಲಿ ಅಲ್ಲೇ ಒಣಗುತ್ತದೆ. 18ರ ರಿಮ್ಮಿನ ಒಳಗೋಡೆ ನಡುವಿನಿಂದ ಸುಮಾರು 22 ಸೆಂ.ಮೀ. ದೂರ. ಅಲ್ಲಿ ಬರೇ ನೂರು ಗ್ರಾಂ ಮಣ್ಣು ಕೂತರೂ ಗಂಟೆಗೆ 65 ಕಿ.ಮೀ. ವೇಗದಲ್ಲಿ ಅದು ಸುಮಾರು 6 ಕಿಲೋ ಭಾರದಷ್ಟು ಹೊರಕ್ಕೆ ಜಗ್ಗುತ್ತದೆ, ಅದೂ ಸೆಕೆಂಡಿಗೆ ಎಂಟು ಸಲ ದಿಕ್ಕು ತಿರುಗಿಸುತ್ತ. ಗಟ್ಟಿ ಆಕ್ಸಲ್ ಆದ್ದರಿಂದ ಒಂದು ಗಾಲಿಯ ನಡುಕ ಇನ್ನೊಂದಕ್ಕೂ ದಾಟುತ್ತದೆ. ಅದರ ಮೇಲೆ ಈ ಅಲಾಯ್‌ಗಳು ಹೊರಕ್ಕೆ ಚಾಚಿಕೊಂಡಿದ್ದವು, ಹಾಗಾಗಿ ನೆಲದ ಪ್ರತಿ ಹೊಡೆತವೂ ಸ್ಟೇರಿಂಗನ್ನು ಜಾಸ್ತಿ ಜಗ್ಗುತ್ತಿತ್ತು.

ಸರಿ, ರಾಡಿ ಕೆತ್ತಿ ತೆಗೆದರಾಯಿತಲ್ಲ ಅನ್ನಬಹುದು. ಇಲ್ಲೇ ಇರುವುದು ಕಿರಿಕಿರಿ. ಅಲಾಯ್‌ಗೆ ಬ್ಯಾಲೆನ್ಸಿಂಗ್ ವೇಟನ್ನು ಒಳಗೋಡೆಗೆ ಅಂಟಿಸಿರುತ್ತಾರೆ, ಸರಿಯಾಗಿ ರಾಡಿ ಕೂರುವ ಜಾಗದಲ್ಲೇ. ಸ್ಕ್ರೂ ಡ್ರೈವರ್ ಹಾಕಿ ಮಣ್ಣಿನ ಚಕ್ಕೆ ಎಬ್ಬಿಸಿದರೆ ಅದರ ಜೊತೆ ವೇಟೂ ಎದ್ದು ಬರುತ್ತದೆ. ಮಣ್ಣು ಬಿಟ್ಟರೆ ನಡುಕ, ತೆಗೆದರೆ ವೇಟ್ ಹೋಗಿ ನಡುಕ, ಮತ್ತೆ ಬ್ಯಾಲೆನ್ಸಿಂಗ್ ಅಂಗಡಿ. ಮಳೆಗಾಲ ಪೂರ್ತಿ ಇದೇ ದಗದ. ಹೊಲದಿಂದ ಬಂದ ಸಂಜೆಯೇ, ಹಸಿ ಇರುವಾಗಲೇ, ಪ್ರೆಷರ್ ವಾಷರ್ ಇಟ್ಟು ಒಳಗಿನಿಂದ ತೊಳೆದರೆ ಪರವಾಗಿಲ್ಲ. ಆದರೆ ಹೊಲದಿಂದ ಬಂದವನಿಗೆ ಬೇಕಾದದ್ದು ರೊಟ್ಟಿ, ನಿದ್ದೆ. ಮತ್ತೆ ಒಂದು ತಾಸು ನೀರಾಟ ನನ್ನಿಂದ ಆಗುವುದಲ್ಲ.

ಕಬ್ಬಿಣದ ಡಿಸ್ಕಿಗೆ ರಾಡಿ ಹತ್ತುವುದಿಲ್ಲವೇ? ಹತ್ತುತ್ತದೆ. ಆದರೆ ಅಗಲ ಕಡಿಮೆ, ಸ್ಪೋಕಿನ ಹಿಂದೆ ಅಡಗುವ ಪೊಟರೆಗಳಿಲ್ಲ. ಒಂದು ಕೋಲಿನಿಂದ ಸುತ್ತ ಕೆರೆದರೆ ಬಿದ್ದುಹೋಗುತ್ತದೆ. ಮುಖ್ಯವಾಗಿ ವೇಟನ್ನು ಅಂಚಿಗೆ ಸುತ್ತಿಗೆಯಿಂದ ಬಡಿದು ಕೂಡಿಸಿರುತ್ತಾರೆ, ರಾಡಿಗೂ ಅದಕ್ಕೂ ಸಂಬಂಧವೇ ಇಲ್ಲ. 215/75 ಹಾಕಿದ ಮೇಲೆ ಸ್ಟೇರಿಂಗ್ ನಡುಗಿದ ನೆನಪಿಲ್ಲ.

ತಗ್ಗಿನ ಮಾತು ಬೇಗ ಮುಗಿಸುತ್ತೇನೆ. ಇದೇ ಎರಿ ನೆಲ ಉಬ್ಬಿ ಇಳಿದು ನಮ್ಮ ಕಡೆಯ ಟಾರು ರಸ್ತೆಗಳನ್ನೂ ಬಿರುಕು ಬಿಡಿಸಿ ಅಂಕುಡೊಂಕು ಮಾಡುತ್ತದೆ. 18ರಲ್ಲಿ ಒಂದು ಟೈರಿಗೆ ಪಕ್ಕದಲ್ಲಿ ಗುಳ್ಳೆ ಬಂತು. ಗುಳ್ಳೆ ಬಂತೆಂದರೆ ಒಳಗಿನ ದಾರ ಹರಿದಿದೆ ಎಂದರ್ಥ, ಅದಕ್ಕೆ ತೇಪೆ ಇಲ್ಲ, ಟೈರು ಎಸೆಯುವುದೇ. ಹೊಸದಕ್ಕೆ ಕೊಟ್ಟ ದುಡ್ಡಿನಲ್ಲಿ 15ರವು ಹೆಚ್ಚುಕಡಿಮೆ ಎರಡು ಬರುತ್ತಿದ್ದವು.

ಗಾಳಿ ಇಳಿಸುವುದು ಇನ್ನೊಂದು. 215/75ರಲ್ಲಿ ಟಾರಿನ ಮೇಲೆ 28 ಪಿಎಸ್‌ಐ ಇಡುತ್ತೇನೆ, ಹಾದಿಗೆ ಇಳಿಯುವ ಮುಂಚೆ 18 ಪಿಎಸ್‌ಐಗೆ ತರುತ್ತೇನೆ. ಟೈರು ಅಗಲವಾಗಿ ಚಪ್ಪಟೆ ಕೂತು ಹಿಡಿತ ಕೊಡುತ್ತದೆ, ಕುಲುಕಾಟವೂ ಕಡಿಮೆ. ಲೋ ಪ್ರೊಫೈಲ್‌ನಲ್ಲಿ ಅಷ್ಟು ಇಳಿಸಿದರೆ ಕಲ್ಲಿಗೆ ನೇರ ರಿಮ್ಮೇ ಬಡಿಯುತ್ತದೆ. ಆದರೆ ಒಂದು ಮಾತು: ಚೆನ್ನಾಗಿ ಮಳೆ ಹಿಡಿದ ಎರಿಯಲ್ಲಿ ಆಲ್ ಟೆರೇನ್ ಟೈರಿನ ಹಲ್ಲುಗಳೂ ತುಂಬಿ ಬೋಳಾಗುತ್ತವೆ. ಆ ದಿನ ಯಾವ ಟೈರೂ ಆಗುವುದಿಲ್ಲ, ಟಾರಿನ ಪಕ್ಕ ಗಾಡಿ ನಿಲ್ಲಿಸಿ ನಡೆಯುವುದೇ.

18ರ ಪರವಾಗಿ ಹೇಳಬೇಕಾದ್ದನ್ನೂ ಹೇಳುತ್ತೇನೆ. ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಗಾಡಿ ನೆಟ್ಟಗೆ ಓಡುತ್ತದೆ, ತಿರುವಿನಲ್ಲಿ ಜಿಪ್ಸಿ ಸಹಜವಾಗಿ ವಾಲುವಷ್ಟು ವಾಲುವುದಿಲ್ಲ, ಸ್ಟೇರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗುತ್ತದೆ. 215/75ರ ಎತ್ತರದ ಗೋಡೆ ಅಲ್ಲಿ ಸ್ವಲ್ಪ ತಡ ಮಾಡುತ್ತದೆ. ನಮ್ಮ ಅಣ್ಣನ ಮಗ ಅಲಾಯ್ ತೆಗೆದ ದಿನ, "ಕಾಕಾ, ಗಾಡಿ ಅಂಬ್ಯುಲೆನ್ಸ್ ಮಾಡಿದ್ರಲ್ಲ" ಅಂದ. ಅವನ ಸಿಟ್ಟು ಇನ್ನೂ ಇಳಿದಿಲ್ಲ.

ಮೀಟರ್ ವಿಷಯ ಎರಡೂ ದೊಡ್ಡ ಟೈರಿಗೆ ಸಮ: 60 ತೋರಿಸುವಾಗ ನಿಜ ವೇಗ 63. ಕಿಲೋಮೀಟರೂ ಕಡಿಮೆ ದಾಖಲಾಗುತ್ತದೆ, ಹಾಗಾಗಿ ದೊಡ್ಡ ಟೈರು ಹಾಕಿ ಮೈಲೇಜ್ ಬಿತ್ತು ಅಂತ ಅಳುವವರು ಮೊದಲು ನೂರಕ್ಕೆ ಐದು ಸೇರಿಸಿ ಲೆಕ್ಕ ಹಾಕಲಿ. ಕಾನೂನಿನ ಮಾತೂ ಎರಡಕ್ಕೂ ಸಮ. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾನೂನಿನ ತಂಟೆ ಬೇಡ ಅನ್ನುವವರಿಗೆ 205/70 ಇದೆ.

ಆ 205/70 ಬಗ್ಗೆ ನನ್ನ ತಕರಾರು ಆ 18 ಮಿ.ಮೀ. ಒಂದೇ. ಸ್ಟೇರಿಂಗ್ ಎಲ್ಲಕ್ಕಿಂತ ಹಗುರ, ಪಿಕಪ್ ಚೆನ್ನ, ಬೆಲೆ ಕಡಿಮೆ. ನೀವು ಮಸಾರಿ (ಕೆಂಪು ಮಣ್ಣಿನ) ನೆಲದವರಾದರೆ, ಕಲಘಟಗಿ, ಹಳಿಯಾಳದ ಕಡೆ ಓಡಾಡುವವರಾದರೆ, ದುಡ್ಡು ಉಳಿಸಿ ಅದನ್ನೇ ಹಾಕಿ. ಡೋಣಿ ಕಡೆಯಿಂದ ಕಪ್ಪತಗುಡ್ಡಕ್ಕೆ ಹೋಗುವ ರಸ್ತೆಗೂ ಅದು ಸಾಕು. 2019ರಲ್ಲಿ ಗುಡ್ಡ ವನ್ಯಧಾಮ ಆದ ಮೇಲೆ ಅಲ್ಲಿ ರಸ್ತೆ ಬಿಟ್ಟು ಇಳಿಯುವ ಮಾತೇ ಇಲ್ಲ. 235/75 ಆರ್ 15 ಬಗ್ಗೆ ಕೇಳುವವರಿಗೆ: ಗೆಳೆಯನ ಗಾಡಿಯಲ್ಲಿ ಓಡಿಸಿದ್ದೇನೆ. ಸ್ಟೇರಿಂಗ್ ಪೂರಾ ತಿರುಗಿಸಿದರೆ ಟೈರು ಒಳಗೆ ಉಜ್ಜುತ್ತದೆ, 80 ಕುದುರೆ ಶಕ್ತಿಯ ಇಂಜಿನ್ನಿಗೆ ಐದನೇ ಗೇರು ಭಾರ.

ಕೊಳ್ಳುವಾಗ ಎರಡು ನೋಡಿ. 15 ಇಂಚಿನ ಈ ಅಳತೆ ಈಗ ದಿನಾ ಮಾರಾಟವಾಗುವ ಮಾಲಲ್ಲ, ಅಂಗಡಿಯಲ್ಲಿ ಕೂತು ಹಳತಾಗಿರಬಹುದು. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಅಂದರೆ 2019ರ 23ನೇ ವಾರ. ಎರಡನೆಯದು, ನಾಲ್ಕಲ್ಲ, ಐದು ಟೈರು ತಗೊಳ್ಳಿ. ನನ್ನ 18ರ ಸೆಟ್ಟಿನಲ್ಲಿ ಇದ್ದದ್ದು ನಾಲ್ಕೇ, ಹಿಂದೆ ನೇತಾಡುತ್ತಿದ್ದ ಸ್ಟೆಪ್ನಿ 205/70. ಪಂಚರ್ ಆದಾಗ ಅದನ್ನು ಹಾಕಿದರೆ ಒಂದೇ ಆಕ್ಸಲ್‌ಗೆ ಬೇರೆ ಬೇರೆ ಎತ್ತರದ ಎರಡು ಗಾಲಿ, ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳು ನೇರ ದಾರಿಯಲ್ಲೂ ತಿರುಗುತ್ತಲೇ ಇರಬೇಕು, ಫೋರ್ ವೀಲ್ ಹಾಕುವ ಹಾಗಂತೂ ಇಲ್ಲವೇ ಇಲ್ಲ. ರಾಡಿಯ ನಡುವೆ ಪಂಚರ್ ಆದರೆ ಜಿಪ್ಸಿ ಇದ್ದೂ ಟ್ರ್ಯಾಕ್ಟರ್ ಕರೆಸಬೇಕು.

ಅಲಾಯ್ ಸೆಟ್ಟನ್ನು ಧಾರವಾಡದ ಒಬ್ಬ ಹುಡುಗ ಕೇಳಿದ್ದಾನೆ. ಅವನ ಜಿಪ್ಸಿ ಸಪ್ತಾಪುರ ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲ. ಐದನೆಯದು ಎಲ್ಲಾದರೂ ಸಿಗುತ್ತದೋ ನೋಡು, ಆಮೇಲೆ ರೇಟು ಮಾತಾಡೋಣ ಅಂತ ಹೇಳಿದ್ದೇನೆ.