ಹಾಲಿನಲ್ಲಿ ಮೆಲಮೈನ್: ಚಿನ್ನದ ದ್ರಾವಣವೋ, ಬೆಳ್ಳಿಯ ರಾಮನ್ ಪಟ್ಟಿಯೋ?

2008ರಲ್ಲಿ ಚೀನಾದ ಶಿಶು ಹಾಲಿನಪುಡಿಯಲ್ಲಿ ಮೆಲಮೈನ್ (ಪ್ರೋಟೀನ್ ಹೆಚ್ಚಿರುವಂತೆ ತೋರಿಸಲು ಬೆರೆಸುವ ಕೈಗಾರಿಕಾ ರಾಸಾಯನಿಕ) ಸಿಕ್ಕ ಮೇಲೆ, ಅದನ್ನು ಪತ್ತೆಹಚ್ಚುವ ಎರಡು ವಿಧಾನಗಳ ಮೇಲೆ ಬಹಳ ಕೆಲಸವಾಗಿದೆ: ಬಣ್ಣ ಬದಲಿಸುವ ಚಿನ್ನದ ನ್ಯಾನೊಕಣಗಳ ದ್ರಾವಣ, ರಾಮನ್ ಯಂತ್ರದಲ್ಲಿ ಓದುವ ಬೆಳ್ಳಿಯ ಪಟ್ಟಿ. ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಶಿಶುಗಳ ಪುಡಿಗೆ ಕೆಜಿಗೆ 1 ಮಿಗ್ರಾಂ, ಸಾಮಾನ್ಯ ಆಹಾರಕ್ಕೆ 2.5.

ಬಜೆಟ್ ಕಡಿಮೆ, ಮಾದರಿ ಹೆಚ್ಚು ಎಂದಾದರೆ ಚಿನ್ನ. ಸಿಟ್ರೇಟ್ ಹೊದಿಕೆಯ ಸುಮಾರು 13 ನ್ಯಾನೊಮೀಟರ್ ಕಣಗಳ ದ್ರಾವಣ ಕೆಂಪಗಿರುತ್ತದೆ, 520 ನ್ಯಾನೊಮೀಟರ್ ಬಳಿ ಬೆಳಕು ಹೀರುತ್ತದೆ. ಮೆಲಮೈನ್ ಇದ್ದರೆ ಕಣಗಳು ಗುಂಪುಗೂಡಿ ಬಣ್ಣ ನೀಲಿಗೆ ತಿರುಗುತ್ತದೆ. ಆದರೆ ಹಾಲನ್ನು ನೇರವಾಗಿ ಸುರಿದರೆ ಕೆಟ್ಟಿತು: ಹಾಲಿನ ಪ್ರೋಟೀನ್ ಆದ ಕೇಸಿನ್ ಚಿನ್ನದ ಕಣಗಳಿಗೆ ಮೆತ್ತಿಕೊಂಡು, ಮೆಲಮೈನ್ ಇದ್ದರೂ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಟ್ರೈಕ್ಲೋರೊಅಸಿಟಿಕ್ ಆಮ್ಲ ಹಾಕಿ ಪ್ರೋಟೀನ್ ಒಡೆಸಿ, ಸೆಂಟ್ರಿಫ್ಯೂಜ್ ಮಾಡಿ, ಸೋಸಿ, ಪಿಎಚ್ ಸರಿಪಡಿಸಲೇಬೇಕು. ಉಳಿದ ಆಮ್ಲ, ಉಪ್ಪು ಎರಡೂ ಸುಳ್ಳು ನೀಲಿ ತರುತ್ತವೆ. ಹಾಗಾಗಿ ಪ್ರತಿ ಸರದಿಯಲ್ಲೂ ಅದೇ ಬಗೆಯ ಶುದ್ಧ ಹಾಲು, ಮೆಲಮೈನ್ ಬೆರೆಸಿದ ಹಾಲು, ಎರಡನ್ನೂ ಜೊತೆಗಿಡಿ. ಕಣ್ಣಂದಾಜು ಬೇಡ, 650 ಮತ್ತು 520ರ ಹೀರುವಿಕೆಯ ಅನುಪಾತ ನೋಡಿ. ದ್ರಾವಣವನ್ನು ಫ್ರೀಜರಿನಲ್ಲಿಟ್ಟರೆ ಅದು ಕಸಕ್ಕೇ.

ಬೆಳ್ಳಿ ಪಟ್ಟಿಗೆ ರಾಮನ್ ಯಂತ್ರ (ಲೇಸರ್ ಬೆಳಕು ಚದುರುವ ರೀತಿಯ ನಕ್ಷೆಯಿಂದ ಅಣುವನ್ನು ಗುರುತಿಸುವ ಉಪಕರಣ) ಬೇಕು, ಖರ್ಚು ಅಲ್ಲೇ. ಲಾಭವೆಂದರೆ 680ರಿಂದ 700 ತರಂಗಸಂಖ್ಯೆಯ ಆಸುಪಾಸಿನ ಶಿಖರ ಮೆಲಮೈನ್‌ನದೇ ಗುರುತು, ಬರೀ ಬಣ್ಣಕ್ಕಿಂತ ನಂಬಲರ್ಹ. ಪಟ್ಟಿಯ ಮೇಲೆ ಸಂಕೇತ ಜಾಗದಿಂದ ಜಾಗಕ್ಕೆ ಏರುಪೇರಾಗುತ್ತದೆ. ಹಲವು ಬಿಂದುಗಳ ಸರಾಸರಿ ತೆಗೆಯಿರಿ. ಗಾಳಿಗೆ ತೆರೆದ ಬೆಳ್ಳಿ ಕಪ್ಪಾಗುತ್ತದೆ, ಪೊಟ್ಟಣ ಬಿಚ್ಚಿದ ದಿನವೇ ಬಳಸಿ.

ಹಾಲು ಸಂಗ್ರಹಣಾ ಕೇಂದ್ರಕ್ಕೆ ಚಿನ್ನ ಸಾಕು. ಲಾರಿ ಹಾಲನ್ನು ತಿರಸ್ಕರಿಸುವ ನಿರ್ಧಾರಕ್ಕೆ ಮಾತ್ರ ಎರಡೂ ಸಾಲವು, ಎಲ್‌ಸಿ-ಎಂಎಸ್ (ಅಣುಗಳನ್ನು ಬೇರ್ಪಡಿಸಿ ದ್ರವ್ಯರಾಶಿಯಿಂದ ಗುರುತಿಸುವ ಪ್ರಯೋಗಾಲಯ ಪರೀಕ್ಷೆ) ವರದಿ ಬೇಕು.