ತಾಳಮದ್ದಳೆ ಕ್ಯಾಸೆಟ್ ಕಂಪ್ಯೂಟರಿಗೆ: ಹಳೇ ಡೆಕ್ಕಿಗೇ ನನ್ನ ಮತ

ಕಾಸರಗೋಡಿನ ಕಡೆ ಕಪಾಟಿನಲ್ಲಿ ಇನ್ನೂ ಕ್ಯಾಸೆಟ್ ಉಳಿದಿದ್ದರೆ ಅದರಲ್ಲಿ ತಾಳಮದ್ದಳೆ, ಅಂದರೆ ವೇಷ ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ, ಇದ್ದೇ ಇರುತ್ತದೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥದಲ್ಲಿ (ಪದಗಳ ನಡುವೆ ಪಾತ್ರವಾಗಿ ಆಡುವ ಮಾತಿನಲ್ಲಿ) ಸಕಾರ, ಶಕಾರ ಮಂಕಾದರೆ ಕಂಪ್ಯೂಟರಿಗೆ ಇಳಿಸಿಯೂ ಪ್ರಯೋಜನವಿಲ್ಲ. ಮೂರು ದಾರಿ ನೋಡಿಯಾಯಿತು: ವಾಕ್‌ಮನ್ ಆಕಾರದ ಅಗ್ಗದ ಯುಎಸ್‌ಬಿ ಪ್ಲೇಯರ್, ಡೆಕ್‌ನಿಂದ ನೇರ ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ವಯರು, ಡೆಕ್ ಜತೆಗೆ ಬೆಹ್ರಿಂಗರ್ ಯುಸಿಎ202 ಎಂಬ, ಸ್ವರವನ್ನು ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ದಾಟಿಸುವ ಪುಟ್ಟ ಪೆಟ್ಟಿಗೆ. ಮೂರನೆಯದನ್ನು ಬಿಟ್ಟು ಬೇರೆಯದಕ್ಕೆ ದುಡ್ಡು ಹಾಕಬೇಡಿ.

ಮೈಕ್ ತೂತಿನ ಕತೆ ಚಿಕ್ಕದು. ಅದು ಹೆಚ್ಚಾಗಿ ಮೋನೋ. ಡೆಕ್‌ನ ಲೈನ್ ಔಟ್ ಅದಕ್ಕೆ ವಿಪರೀತ ಜೋರು, ಸ್ವರ ಒಡೆಯುತ್ತದೆ. ಮೇಲಿಂದ ವಿಂಡೋಸ್‌ನ ಗದ್ದಲ ತೆಗೆಯುವ ಸೌಲಭ್ಯ ಮದ್ದಳೆಯ ನಾದವನ್ನೂ ಗದ್ದಲವೆಂದೇ ಲೆಕ್ಕ ಹಾಕಿ ಅಳಿಸುತ್ತದೆ.

ಯುಎಸ್‌ಬಿ ಪ್ಲೇಯರಿನಲ್ಲಿ ವೇಗ ಅಲುಗಾಡುವುದು, ಮೋಟಾರಿನ ಗುಂಯ್ ಎಲ್ಲ ಇದ್ದದ್ದೇ. ಸಹಿಸಲಾಗದ್ದು ಟೇಪು ಓದುವ ಹೆಡ್ಡಿನ ಓರೆ. ಟೇಪು ಸೆಕೆಂಡಿಗೆ 4.76 ಸೆಂ.ಮೀ. ಮಾತ್ರ ಓಡುತ್ತದೆ, ಹೆಡ್ಡಿನ ಸೀಳು ಟೇಪಿಗೆ ಸರಿಯಾಗಿ 90 ಡಿಗ್ರಿ ನಿಲ್ಲದೆ ಕೂದಲೆಳೆ ವಾಲಿದರೂ ಮೇಲಿನ ಸ್ವರಗಳು ಹೋಗುತ್ತವೆ. ಎಡ ಬಲ ಸೇರಿಸಿ ಮೋನೋ ಮಾಡಿದರೆ ಇನ್ನೂ ಹೆಚ್ಚು. ಚಕ್ರತಾಳದ ಕಿಣಿಕಿಣಿ ಬಟ್ಟೆ ಹೊದಿಸಿದ ಹಾಗೆ ಕೇಳುತ್ತದೆ. ಸಾಫ್ಟ್‌ವೇರಿನಲ್ಲಿ ಟ್ರೆಬಲ್ ಎತ್ತಿದರೆ ಬರುವುದು ಬರೇ ಸುಯ್ ಎಂಬ ಸದ್ದು.

ಇದಕ್ಕೆ ಮದ್ದು ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂ. ಸ್ಪ್ರಿಂಗ್ ಇಲ್ಲದ್ದನ್ನು ಮುಟ್ಟಬಾರದು. ಅಗ್ಗದ ಪ್ಲೇಯರಿನಲ್ಲಿ ಟೇಪು ಓಡುವಾಗ ಅದಕ್ಕೆ ಕೈ ಎಟುಕುವುದೇ ಇಲ್ಲ. ಡೆಕ್‌ನಲ್ಲಿ ಬಾಗಿಲಿನ ಮುಖ ಕಳಚಿದರೆ ಸಿಗುತ್ತದೆ. ಮೊದಲಿನ ಸ್ಥಾನಕ್ಕೆ ಬಣ್ಣದ ಗುರುತು ಹಾಕಿ, ಹೆಡ್‌ಫೋನಿನಲ್ಲಿ ಮೋನೋ ಕೇಳುತ್ತ, ಅಯಸ್ಕಾಂತ ಹಿಡಿಯದ ಸ್ಕ್ರೂಡ್ರೈವರಿನಿಂದ ಎಂಟನೇ ಒಂದು ಸುತ್ತಿಗಿಂತ ಕಡಿಮೆ ತಿರುಗಿಸಿ. ತಾಳ ಥಟ್ಟನೆ ಬೆಳಗುವ ಒಂದು ಜಾಗವಿದೆ, ಅಲ್ಲಿ ನಿಲ್ಲಿಸಿ. ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟುಗಳಿಗೆ ಒಂದೊಂದಕ್ಕೂ ಒಂದೊಂದು ಓರೆ. ಮಗುಚಿ ಹಾಕಿದಾಗ ಮತ್ತೊಮ್ಮೆ ನೋಡಬೇಕು. ಆಟೋ ರಿವರ್ಸ್ ಡೆಕ್ ಈ ಕೆಲಸಕ್ಕೆ ಬೇಡ. ಡಾಲ್ಬಿ (ಟೇಪಿನ ಸುಯ್ ಸದ್ದು ತಗ್ಗಿಸುವ ವ್ಯವಸ್ಥೆ) ಗುರುತಿಲ್ಲದ ಕ್ಯಾಸೆಟ್ಟಿಗೆ ಡಾಲ್ಬಿ ಸ್ವಿಚ್ಚೂ ಆಫ್ ಇರಲಿ.

ಯುಸಿಎ202ರಲ್ಲಿ ಒಳಬರುವ ಸ್ವರದ ಮಟ್ಟಕ್ಕೆ ತಿರುಗಿಸುವ ಗುಂಡಿ ಇಲ್ಲ. ಇರುವುದು ಹೆಡ್‌ಫೋನಿಗೆ ಮಾತ್ರ. ವಿಂಡೋಸ್ ಇದನ್ನು ಮೈಕ್ ಎಂದೇ ತೋರಿಸುತ್ತದೆ, ಸೆಟ್ಟಿಂಗಿನಲ್ಲಿ 2 ಚಾನೆಲ್, 44100 ಹರ್ಟ್ಸ್ ಆರಿಸಿ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಮಟ್ಟ ನೋಡುವಾಗ ಅರ್ಥದ ಭಾಗ ನಂಬಬೇಡಿ. ಯುದ್ಧದ ಪದಕ್ಕೆ ಟೇಪು ಓಡಿಸಿ, ಚೆಂಡೆಯ ಪೆಟ್ಟು ಮೈನಸ್ 6 ಡೆಸಿಬೆಲ್ ಹತ್ತಿರ ನಿಲ್ಲಲಿ. ವೇವ್ ಫೈಲಿಗೆ ನಿಮಿಷಕ್ಕೆ ಸುಮಾರು 10 ಎಂಬಿ, 60 ನಿಮಿಷದ ಕ್ಯಾಸೆಟ್ಟಿಗೆ 600 ಎಂಬಿ.

ನಮ್ಮ ಮಳೆಗಾಲ ಕಂಡ ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಬೂಷ್ಟು ಕಂಡರೆ ಹಾಕಲೇಬೇಡಿ. ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತದೆ.

ಗ್ರಾಮಫೋನ್ ತಟ್ಟೆಗಾದರೆ ಯುಸಿಎ202 ಒಂದೇ ಸಾಲದು, ನಡುವೆ ಮುಳ್ಳಿನಿಂದ ಬರುವ ಸಣ್ಣ ಸ್ವರವನ್ನು ಹಿಗ್ಗಿಸುವ ಫೋನೋ ಪ್ರಿಆಂಪ್ ಬೇಕು. ಅದೇ ಕಂಪೆನಿಯ ಯುಎಫ್‌ಒ202ರಲ್ಲಿ ಅದು ಒಳಗೇ ಇದೆ, ಅರ್ಥ್ ವಯರಿಗೂ ಜಾಗವಿದೆ; ಆ ವಯರು ಬಿಟ್ಟರೆ 50 ಹರ್ಟ್ಸ್ ಗುಂಯ್. ನಿಮಿಷಕ್ಕೆ 78 ಸುತ್ತಿನ ತಟ್ಟೆಗೆ ಅಗಲ ಮುಳ್ಳು ಬೇರೆಯೇ ಬೇಕು. ಅರಗಿನ ಆ ತಟ್ಟೆ ಒರೆಸಲು ಸ್ಪಿರಿಟ್ ಮುಟ್ಟಿಸಬೇಡಿ, ಕರಗುತ್ತದೆ.

ಸೆಕೆಂಡ್ ಹ್ಯಾಂಡ್ ಡೆಕ್ ಕೊಳ್ಳುವಾಗ ಬೆಲ್ಟಿನ ಖರ್ಚು ಸೇರಿಸಿಯೇ ಚೌಕಾಸಿ ಮಾಡಿ. ಹಳೇ ರಬ್ಬರು ಕರಗಿ ಡಾಮರಿನಂತೆ ಅಂಟಿರುತ್ತದೆ. ದಿನಕ್ಕೊಂದು ಕ್ಯಾಸೆಟ್ ನಿಧಾನಕ್ಕೆ ಇಳಿಸುವ ನನ್ನಂಥವರಿಗೆ ಆ ಖರ್ಚು ದೊಡ್ಡದಲ್ಲ. ನಾಲ್ಕೈದೇ ಕ್ಯಾಸೆಟ್ ಇದ್ದರೆ ಏನನ್ನೂ ಕೊಳ್ಳಬೇಡಿ, ಡೆಕ್ ಇರುವವರ ಮನೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋಗಿ.