ವ್ಯಾನ್ ಒಳಗೆ ಮಂಚ ಮಾಡಿಸುವವರೇ, ಮೊದಲು ಕೂತು ಅಳತೆ ತೆಗೆಸಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಯಾರಾದರೂ ಮಾರುತಿಯ ಈಕೋ ಅಥವಾ ಓಮ್ನಿ ವ್ಯಾನ್ ತೆಗೆದುಕೊಂಡು "ಒಳಗೆ ಮಲಗೋ ಹಾಗೆ ಮಾಡಿ ಕೊಡಿ" ಅಂತ ಗ್ಯಾರೇಜಿಗೆ ಹೊರಟಿದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿಬಿಡಿ. ನಮಗೆ ಮಾಡಿಕೊಟ್ಟವರ ಹೆಸರು ಬರೆಯುವುದಿಲ್ಲ. ಅದೇ ಅಳತೆ, ಅದೇ ಮಾತು ಬೇರೆ ಕಡೆಯೂ ಕೇಳಿದ್ದೇನೆ. ಹಾಗಾಗಿ ಕೆಲಸ ಎಲ್ಲಿ ಕೆಡುತ್ತದೆ ಅನ್ನೋದನ್ನೇ ಹೇಳುತ್ತೇನೆ.

ನಮ್ಮದು ಐದು ಸೀಟಿನ ಈಕೋ. ಮನೆಯಲ್ಲಿ ನಾನು, ಹೆಂಡತಿ, ಅವ್ವ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೋದರೆ ರೂಮ್ ಸಿಗೋದು ಎಷ್ಟು ಕಷ್ಟ ಅಂತ ಹೋದವರಿಗೆ ಗೊತ್ತು. ಸನ್ನತಿ, ಬಸವಕಲ್ಯಾಣ, ಚಿಂಚೋಳಿ ಕಾಡಿನ ಚಂದ್ರಂಪಳ್ಳಿ ಡ್ಯಾಮ್ ಎಲ್ಲವೂ ಆರಾಮಾಗಿ ನೋಡಿ ಬರುವ ಜಾಗಗಳು. ಇಬ್ಬರು ಮಲಗಬೇಕು, ಮೂವರು ಒಳಗೆ ಕೂತು ರೊಟ್ಟಿ ಬುತ್ತಿ ಬಿಚ್ಚಬೇಕು, ಅವ್ವ ಮಧ್ಯಾಹ್ನ ಸ್ವಲ್ಪ ಅಡ್ಡಾಗಬೇಕು. ನಾವು ಕೇಳಿದ್ದು ಇಷ್ಟೇ.

ಗ್ಯಾರೇಜಿನವರ ಮಾತು ಬೆಣ್ಣೆಯಂಥದ್ದು. "ಏನೂ ಚಿಂತಿ ಮಾಡಬ್ಯಾಡ್ರಿ ಸರ. ಹಗಲಿಗಿ ಸೋಫಾ, ರಾತ್ರಿಗಿ ಮಂಚ, ಕೆಳಗ ಡ್ರಾ. ಮನ್ಯಾಗ ಕುಂತಂಗ ಕುಂಡ್ರತೀರಿ." ಛತ್ತು ತಲೆಗೆ ಬಡಿಯೋದಿಲ್ಲವಾ ಅಂತ ನಾನು ಕೇಳಿದೆ. "ಇಲ್ರಿ, ಎಲ್ಲಾ ಲೆಕ್ಕ ಹಾಕೇ ಮಾಡ್ತೀವಿ" ಅಂದರು.

ಆ ಲೆಕ್ಕ ಏನು ಅನ್ನೋದು ಗಾಡಿ ಮನೆಗೆ ಬಂದ ದಿನ ಟೇಪ್ ಹಿಡಿದಾಗ ತಿಳಿಯಿತು. ನಮ್ಮ ಗಾಡಿಯಲ್ಲಿ ನೆಲದಿಂದ ಛತ್ತಿನ ತಗಡಿನವರೆಗೆ 47 ಇಂಚು. ಛತ್ತಿಗೆ ಅವರು ಹಾಕಿದ ಥರ್ಮಾಕೋಲ್, ಪ್ಲೈ, ರೆಕ್ಸಿನ್ ಸೇರಿ 2 ಇಂಚು ತಿಂದಿತ್ತು. ಮಂಚಕ್ಕೆ ಅಡಿಗಟ್ಟಿನಂತೆ ಕೂರಿಸಿದ ಪ್ಲೈ ಡಬ್ಬಿಯ ಎತ್ತರ 16 ಇಂಚು. ಅದರ ಮೇಲೆ 5 ಇಂಚಿನ ಗಾದಿ. ಕೂರುವವರಿಗೆ ಉಳಿದಿದ್ದು 24 ಇಂಚು. ನಾನು ಐದು ಅಡಿ ಏಳು ಇಂಚಿನ ಮನುಷ್ಯ, ನೆಟ್ಟಗೆ ಕೂತರೆ ಕುಂಡಿಯಿಂದ ನೆತ್ತಿಗೆ 35 ಇಂಚು ಬೇಕು. 11 ಇಂಚು ಕಡಿಮೆ! ಗಾದಿ ಎಷ್ಟೇ ಅದುಮಿದರೂ ಈ ಕೊರತೆ ತುಂಬುವುದಿಲ್ಲ. ಗಿಡ್ಡಗಿರುವ ಅವ್ವನೂ ಕತ್ತು ಬಗ್ಗಿಸಿಯೇ ಕೂರಬೇಕಿತ್ತು.

16 ಇಂಚು ಎಲ್ಲಿಂದ ಬಂತು? ಮನೆಯ ಸೋಫಾ, ದಿವಾನದ ಅಳತೆ ಅದು. ಫರ್ನಿಚರ್ ಕೆಲಸ ಮಾಡಿ ರೂಢಿ ಇರುವವರು ಅದೇ ಅಳತೆಯನ್ನು ತಂದು ಗಾಡಿಯೊಳಗೆ ಕೂರಿಸುತ್ತಾರೆ. ಮನೆಯಲ್ಲಿ ತಲೆ ಮೇಲೆ ಹತ್ತು ಅಡಿ ಇರುತ್ತದೆ, ಇಲ್ಲಿ ನಾಲ್ಕಡಿಯೂ ಇಲ್ಲ. ಕೆಳಗೆ ಡ್ರಾ ಬೇಕು ಅನ್ನೋದು ಇನ್ನೊಂದು ಕಾರಣ. ಡ್ರಾ ಇದ್ದರೆ ನೋಡೋಕೆ ಚೆಂದ, ರೇಟೂ ಜಾಸ್ತಿ ಹೇಳಬಹುದು. ಇಂಥ ಗಾಡಿಗಳ ವಿಡಿಯೋ ಗಮನಿಸಿ ನೋಡಿ. ಡ್ರಾ ಎಳೆದು ತೋರಿಸುತ್ತಾರೆ, ಲೈಟ್ ಹಾಕಿ ತೋರಿಸುತ್ತಾರೆ, ಯಾರೋ ಕಾಲು ಚಾಚಿ ಮಲಗಿರುತ್ತಾರೆ. ಎದ್ದು ಕೂತು ಚಹಾ ಕುಡಿಯುವುದನ್ನು ಮಾತ್ರ ತೋರಿಸುವುದಿಲ್ಲ.

ನೀವು ಗ್ಯಾರೇಜಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಎಲ್ಲರಿಗಿಂತ ಎತ್ತರದವರನ್ನು ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಚಕ್ಕಳಮಕ್ಕಳ ಕೂರಿಸಿ, ತಲೆ ಮೇಲೆ ಪುಸ್ತಕ ಮಟ್ಟಸವಾಗಿಟ್ಟು ಗೋಡೆಗೆ ಪೆನ್ಸಿಲ್ ಗುರುತು ಹಾಕಿ. ಆ ಎತ್ತರಕ್ಕೆ 2 ಇಂಚು ಸೇರಿಸಿ, ಯಾಕೆಂದರೆ ಮೇಲೇಳುವಾಗ ತಲೆ ಸ್ವಲ್ಪ ಎತ್ತುತ್ತದೆ. ಗಾಡಿಯ ಒಳ ಎತ್ತರದಿಂದ ಛತ್ತಿನ ಲೈನಿಂಗ್ ಕಳೆಯಿರಿ, ಆಮೇಲೆ ಇದನ್ನೂ ಕಳೆಯಿರಿ. ಉಳಿದಿದ್ದರಲ್ಲೇ ಡಬ್ಬಿ ಮತ್ತು ಗಾದಿ ಎರಡೂ ಹಿಡಿಯಬೇಕು. ನಮ್ಮ ಲೆಕ್ಕ ಹೀಗೆ: ಲೈನಿಂಗ್ ಒಂದೇ ಇಂಚಿಗೆ ಇಳಿಸಿದರೆ 46, ಅದರಲ್ಲಿ 37 ಹೋದರೆ 9. ನಾಲ್ಕು ಇಂಚಿನ ಗಟ್ಟಿ ಫೋಮ್ ಕೂತಾಗ ಅದುಮಿ ಮೂರಕ್ಕೆ ಇಳಿಯುತ್ತದೆ ಅಂದುಕೊಂಡರೆ ಡಬ್ಬಿ 6 ಇಂಚು ಮೀರುವಂತಿಲ್ಲ. 6 ಇಂಚಿನಲ್ಲಿ ಡ್ರಾ ಆಗುವುದಿಲ್ಲ, ಆದರೆ ಚಪ್ಪಲಿ, ಕೌದಿ, ನೀರಿನ ಬಾಟಲಿ ಹಿಡಿಯುತ್ತವೆ. ಸಾಕಲ್ವಾ?

ಇನ್ನು ಉದ್ದ. ಮುಂದಿನ ಸೀಟಿನ ಬೆನ್ನಿನಿಂದ ಹಿಂಬಾಗಿಲಿಗೆ ಆರು ಅಡಿಗೆ ಸ್ವಲ್ಪ ಕಡಿಮೆಯೇ ಇದೆ. ಅದರಲ್ಲಿ ಇವರು ತಲೆದಿಂಬಿನ ಕಡೆ ಶೋಗೆ ಅಂತ 4 ಇಂಚು ದಪ್ಪದ ರೆಕ್ಸಿನ್ ಪ್ಯಾಡ್ ಹೊಡೆದಿದ್ದರು. ನನ್ನ ಕಾಲು ಮಡಚಿಯೇ ಇರಬೇಕಿತ್ತು. ಬೆನ್ನು ಆನಿಸಿ ಕೂರಲು ಲೋಡು ದಿಂಬು ಇಟ್ಟುಕೊಂಡರೆ ಆಗುತ್ತಿತ್ತು, ಹೋಗುವಾಗ ಎತ್ತಿ ಮುಂದೆ ಹಾಕಬಹುದಿತ್ತು.

ಗಾಣಗಾಪುರದಲ್ಲಿ ಮಲಗಿದ ರಾತ್ರಿ ಗೊತ್ತಾಗಿದ್ದು ಇದಕ್ಕಿಂತ ಗಂಭೀರವಾದ ವಿಷಯ. ನಾನು ಹೊರಗೆ ಕಟ್ಟೆ ಮೇಲೆ ಮಲಗಿದ್ದೆ. ಒಳಗೆ ಅವ್ವ, ಹೆಂಡತಿ. ನಡುರಾತ್ರಿ ಅವ್ವ ಏಳಬೇಕಾಯಿತು. ಒಂದು ಕಡೆಯ ಸ್ಲೈಡಿಂಗ್ ಬಾಗಿಲಿಗೆ ಡಬ್ಬಿ ಪೂರ್ತಿ ಅಡ್ಡ ಬಂದಿತ್ತು. ಇನ್ನೊಂದು ಬಾಗಿಲಿನ ಒಳ ಹಿಡಿಕೆ ಗಾದಿ ಮತ್ತು ಪ್ಲೈ ನಡುವಿನ ಸಂದಿಗೆ ಹೋಗಿತ್ತು. ಬೆರಳು ತೂರುತ್ತದೆ, ಹಿಡಿಕೆ ಎಳೆಯಲು ಕೈ ತಿರುಗುವುದಿಲ್ಲ. ಹಿಂಬಾಗಿಲಿಗೆ ಒಳಗಿನಿಂದ ಹಿಡಿಕೆಯೇ ಇಲ್ಲ. ಮುಂದಿನ ಸೀಟಿನ ಮೇಲಿಂದ ದಾಟೋಣ ಅಂದರೆ ನಡುವೆ ಅಡ್ಡ ಹಲಗೆ. ಇಬ್ಬರೂ ಗ್ಲಾಸ್ ಬಡಿದು ನನ್ನನ್ನು ಎಬ್ಬಿಸಿದರು. ಅಲ್ಲಿ ಸ್ಟೌ ಹೊತ್ತಿಕೊಂಡಿದ್ದರೆ, ವೈರಿಂಗ್ ಸುಟ್ಟಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಡೆಲಿವರಿ ತೆಗೆದುಕೊಳ್ಳುವಾಗ ನೀವೇ ಒಳಗೆ ಮಲಗಿ, ಬಾಗಿಲು ಹಾಕಿಸಿ, ಲೈಟ್ ಆರಿಸಿ, ಕತ್ತಲಲ್ಲಿ ಹೊರಗೆ ಬನ್ನಿ. ಎರಡು ಕಡೆಯಿಂದ ಬರಲು ಆಗಬೇಕು. ಮನೆಯ ವಯಸ್ಸಾದವರ ಕೈಯಲ್ಲೂ ಒಮ್ಮೆ ಮಾಡಿಸಿ.

ಛತ್ತಿನ ಕಥೆ ಬೇಸಿಗೆಗೆ ಬಯಲಾಯಿತು. ನಮ್ಮೂರಿನ ಮೇ ಬಿಸಿಲು ಹೇಳಬೇಕಾ? 42 ಡಿಗ್ರಿ ದಾಟುತ್ತದೆ, ತಗಡಿನ ಛತ್ತು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ರೆಕ್ಸಿನ್ ಜೋತುಬಿದ್ದು ತಲೆಗೆ ತಾಗತೊಡಗಿತು. ಬಿಚ್ಚಿ ನೋಡಿದರೆ ಥರ್ಮಾಕೋಲಿನ ತುಂಬ ಗುಳಿ, ಅಂಚುಗಳು ಕರಗಿ ಗಟ್ಟಿಯಾಗಿದ್ದವು. ಇಲಿ ತಿಂದಿದೆ ಅಂದುಕೊಂಡೆ. ಇಲಿಯಲ್ಲ, ಅಂಟು. ಸೋಫಾ ಕೆಲಸಕ್ಕೆ ಬಳಸುವ, ಘಾಟು ವಾಸನೆಯ ಹಳದಿ ಅಂಟಿನಲ್ಲಿರುವ ಸಾಲ್ವೆಂಟ್ ಥರ್ಮಾಕೋಲನ್ನು ಕರಗಿಸುತ್ತದೆ. ಹಚ್ಚಿದವರಿಗೆ ಅದು ಅವತ್ತೇ ಕಂಡಿರಬೇಕು. ಮೇಲೆ ರೆಕ್ಸಿನ್ ಎಳೆದು ಮುಚ್ಚಿದ್ದಾರೆ. ಥರ್ಮಾಕೋಲ್ ಬೇಗ ಬೆಂಕಿ ಹಿಡಿಯುತ್ತದೆ, ಗಾಡಿ ಓಡುವಾಗ ಕಿರ್ ಕಿರ್ ಅನ್ನುತ್ತದೆ. ಅದರ ಬದಲು ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆ ಸಿಗುತ್ತದೆ. 10 ಎಂಎಂ ಸಾಕು, ತಲೆ ಮೇಲಿನ ಜಾಗವೂ ಉಳಿಯುತ್ತದೆ.

ಗಾದಿಯಲ್ಲಿ ಆದ ಮೋಸ ತಕ್ಕಡಿಯಲ್ಲಿ ಸಿಕ್ಕಿಬಿತ್ತು. "40 ಡೆನ್ಸಿಟಿ ಫೋಮ್ ಹಾಕೀವ್ರಿ" ಅಂದಿದ್ದರು. ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕೆಜಿ ತೂಗುತ್ತದೆ ಅನ್ನೋದು. ಲೆಕ್ಕ ಹಾಕಿದರೆ ಒಂದು ಅಡಿ ಉದ್ದ, ಒಂದು ಅಡಿ ಅಗಲ, 5 ಇಂಚು ದಪ್ಪದ ತುಂಡು 470 ಗ್ರಾಂ ಹತ್ತಿರ ಇರಬೇಕು. ಕವರ್ ಬಿಚ್ಚಿ ಅಷ್ಟು ತುಂಡು ಕತ್ತರಿಸಿ ಓಣಿಯ ಕಿರಾಣಿ ಅಂಗಡಿಯಲ್ಲಿ ತೂಗಿಸಿದೆ. 270 ಗ್ರಾಂ. ಅಂಗಡಿಯವರು "ಇದೇನ್ರಿ, ಗಾದಿ ಕಿಲೋದ ಲೆಕ್ಕದಾಗ ಮಾರ್ತೀರೇನು?" ಅಂತ ನಕ್ಕರು. 23 ಡೆನ್ಸಿಟಿಯ ಮಾಲು ಅದು. ಟೊಂಕ ನೇರವಾಗಿ ಪ್ಲೈಗೆ ತಾಗುತ್ತದೆ. ನೀವು ಕವರ್ ಹೊಲಿಯುವ ಮೊದಲೇ ತೂಗಿಸಿ.

ಗಾದಿಯ ಅಡಿ ಗಾಳಿಯಾಡಬೇಕು ಅನ್ನೋದನ್ನೂ ಅವರು ಯೋಚಿಸಿರಲಿಲ್ಲ. ಬೀದರ್ ಎತ್ತರದ ಜಾಗ, ಡಿಸೆಂಬರ್ ಚಳಿ ಗೊತ್ತೇ ಇದೆ. ಗ್ಲಾಸ್ ಏರಿಸಿ ಮಲಗಿದರೆ ಉಸಿರಿನ ತೇವ ತಗಡಿಗೆ, ಗಾದಿಯ ತಳಕ್ಕೆ ಇಳಿಯುತ್ತದೆ. ಬೆಳಿಗ್ಗೆ ಗಾದಿ ಎತ್ತಿದರೆ ಪ್ಲೈ ಒದ್ದೆ. ಆಮೇಲೆ ಬೂಜು, ವಾಸನೆ. ಪೂರ್ತಿ ಹಲಗೆಗಿಂತ ನಡುವೆ ಸಂದಿ ಬಿಟ್ಟು ಪಟ್ಟಿ ಹೊಡೆಸುವುದು ಒಳ್ಳೆಯದು. ಗ್ಲಾಸ್ ಸ್ವಲ್ಪ ಇಳಿಸಿ ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಸೆಖೆ ಅಂತ ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ ಮಲಗಬೇಡಿ, ಬಾಗಿಲು ಮುಚ್ಚಿ ಒಳಗೆ ಗ್ಯಾಸ್ ಒಲೆ ಹಚ್ಚಬೇಡಿ. ಎಂಜಿನ್, ಒಲೆಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ತೂಕದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 8 ಬೈ 4ರ 18 ಎಂಎಂ ಪ್ಲೈ ಹಾಳೆ ಒಂದೇ 30 ಕೆಜಿ ಮೀರುತ್ತದೆ. ನಮ್ಮದರಲ್ಲಿ ಎಲ್ಲಾ ಕಡೆ ಅದೇ. ಗಾಡಿಯ ಹಿಂಬದಿ ಕುಸಿದು, ಹುಮನಾಬಾದ್ ರಸ್ತೆಯ ಹಂಪ್‌ಗಳಲ್ಲಿ ಅಡಿ ತಾಗುತ್ತಿತ್ತು. ಇಷ್ಟು ಚಿಕ್ಕ ಡಬ್ಬಿಗೆ 12 ಎಂಎಂ ಧಾರಾಳ ಸಾಕು. ನೀರಿಗೆ ತಡೆಯುವ ಪ್ಲೈ ಮೇಲೆ ಐಎಸ್ 710 ಅಂತ ಮುದ್ರೆ ಇರುತ್ತದೆ. ಮೈಕಾ ಅಂಟಿಸಿದ ಮೇಲೆ ಮುದ್ರೆ ಕಾಣುವುದಿಲ್ಲ, ಮೊದಲೇ ಹೋಗಿ ನೋಡಿ. ನೆಲಕ್ಕೆ ಸಿಕ್ಕ ಸಿಕ್ಕಲ್ಲಿ ಡ್ರಿಲ್ ಹೊಡೆಯಲು ಬಿಡಬೇಡಿ. ಕೆಳಗೆ ಪೆಟ್ರೋಲ್ ಟ್ಯಾಂಕ್, ಪೈಪ್ ಇರುತ್ತವೆ. ಈಕೋದ ಎಂಜಿನ್ ಮುಂದಿನ ಸೀಟಿನ ಅಡಿಗಿದೆ, ಸೀಟು ಎತ್ತಿಯೇ ನೋಡಬೇಕು. ನಮ್ಮವರು ಅಡ್ಡ ಹಲಗೆಯನ್ನು ಸೀಟಿನ ಬೆನ್ನಿಗೆ ಸ್ಕ್ರೂ ಹೊಡೆದು ಕೂರಿಸಿದ್ದರು. ಸರ್ವಿಸಿಗೆ ಹೋದಾಗ ಮೆಕ್ಯಾನಿಕ್ ಮೊದಲು ಬಡಗಿ ಕೆಲಸ ಮಾಡಬೇಕಾಯಿತು.

ಕಾಗದದ ವಿಷಯವನ್ನು ಯಾರೂ ಹೇಳುವುದಿಲ್ಲ, ಕೇಳಿದರೆ "ಯಾರೂ ಹಿಡಿಯಂಗಿಲ್ರಿ" ಅನ್ನುತ್ತಾರೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಆರ್‌ಸಿಯಲ್ಲಿ ಐದು ಸೀಟು, ಒಳಗೆ ಎರಡೇ ಅಂದರೆ ಇನ್ಶೂರೆನ್ಸ್‌ನವರು ಕೊಕ್ಕೆ ಹಾಕಲು ಅದೊಂದೇ ಸಾಕು. ಮೇಲಾಗಿ ಗಾಡಿ ಓಡುವಾಗ ಆ ಡಬ್ಬಿ ಮೇಲೆ ಬೆಲ್ಟ್ ಇಲ್ಲದೆ ಯಾರನ್ನಾದರೂ ಕೂರಿಸಿದರೆ, ಒಂದು ಜೋರು ಬ್ರೇಕಿಗೆ ಹಲ್ಲು ಮುರಿಯುತ್ತದೆ. ಸೀಟು ಬಿಚ್ಚಿಸುವ ಮೊದಲು ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ನಾವು ಈಗ ಅದಕ್ಕೇ ಕಾಯುತ್ತಿದ್ದೇವೆ. ಹಿಂದಿನ ಸೀಟು ಸದ್ಯ ಮೊದಲಿನ ಜಾಗಕ್ಕೆ ಮರಳಿದೆ.

ಹಳೇ ಡಬ್ಬಿಯ ಪ್ಲೈಯನ್ನೇ ಕೊಯ್ಯಿಸಿ ಪರಿಚಯದ ಬಡಗಿಯಿಂದ ಬಿಡಿ ಬಿಡಿಯಾಗಿ ಎತ್ತಿಡುವ ಮಂಚ ಮಾಡಿಸಿದ್ದೇವೆ. ಎತ್ತರ 6 ಇಂಚು. ಸೀಟಿನ ಮೂಲ ಬೋಲ್ಟ್ ತೂತುಗಳಿಗೇ ಕಚ್ಚುತ್ತದೆ. ಸ್ಲೈಡಿಂಗ್ ಬಾಗಿಲ ಬಳಿ ಒಂದೂವರೆ ಅಡಿ ಜಾಗ ಖಾಲಿ ಬಿಟ್ಟಿದ್ದೇವೆ. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಸೀಟಿನ ಜಾಗದಲ್ಲಿ ಮಂಚ ಕೂರಿಸಿ ನೋಡಿದರೆ ನನ್ನ ತಲೆಗೂ ಛತ್ತಿಗೂ ನಡುವೆ ಎರಡು ಬೆರಳು ಹೋಗುತ್ತವೆ. ಅಷ್ಟು ತಗ್ಗಿನಲ್ಲಿ ಕೂತು ಏಳುವುದು ಮೊಣಕಾಲು ನೋವಿನವರಿಗೆ ಆಗದ ಮಾತು. ಅವ್ವ ಬಾಗಿಲ ಅಂಚಿಗೆ ಕೂತು ಕಾಲು ಹೊರಗೆ ಇಳಿಬಿಟ್ಟು, ಕೆಳಗಿಟ್ಟ ಸ್ಟೂಲಿನ ಮೇಲೆ ಪಾದ ಊರುತ್ತಾಳೆ. ಮಲಗುವಾಗ ಹಾಗೇ ಕಾಲೆತ್ತಿ ಒಳಗೆ ಎಳೆದುಕೊಂಡರಾಯಿತು.

ದುಡ್ಡಿನ ಬಗ್ಗೆ ಕೇಳುವವರಿಗೆ: ಬಾಕಿ ಹಣವನ್ನು ನಾವು ಕೊಟ್ಟಿಲ್ಲ, ಕೊಟ್ಟ ಅಡ್ವಾನ್ಸ್ ವಾಪಸ್ ಬಂದಿಲ್ಲ. ಬಿಲ್ ಕೇಳಿದರೆ ಬಿಳಿ ಚೀಟಿ ಕೊಟ್ಟಿದ್ದರು. 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆದುಕೊಳ್ಳುತ್ತಾರೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಆದರೆ ಅಲ್ಲಿ ಕಾಗದ ಬೇಕು. ಕೊಟೇಶನ್ ಮೇಲೆ ಡಬ್ಬಿಯ ಎತ್ತರ, ಗಾದಿಯ ದಪ್ಪ ಮತ್ತು ಡೆನ್ಸಿಟಿ, ಪ್ಲೈ ಗ್ರೇಡ್, ಕೂತಾಗ ತಲೆ ಮೇಲೆ ಉಳಿಯುವ ಇಂಚು ಎಲ್ಲ ಬರೆಸಿ ಸಹಿ ಹಾಕಿಸಿಕೊಳ್ಳಿ. ಹಣವನ್ನು ಯುಪಿಐನಲ್ಲೇ ಕಳಿಸಿ.

ಓಮ್ನಿ ಇಟ್ಟುಕೊಂಡವರು ಇದನ್ನು ಓದಿ ಅದೇ 6 ಇಂಚಿನ ಡಬ್ಬಿ ಮಾಡಿಸಲು ಹೋಗಬೇಡಿ. ಓಮ್ನಿಯ ಎತ್ತರ ಹೊರಗಿನಿಂದಲೇ 1640 ಎಂಎಂ ಹತ್ತಿರ, ಈಕೋಗಿಂತ ಆರೇಳು ಇಂಚು ತಗ್ಗು. ಉದ್ದವೂ ಕಡಿಮೆ. ಅದರಲ್ಲಿ ಡಬ್ಬಿಯ ಮಾತೇ ಬೇಡ. ನೆಲಕ್ಕೆ ಜಮಖಾನ ಹಾಸಿ ಅದರ ಮೇಲೆ ತೆಳು ಗಾದಿ ಹಾಕಿ, ಸಾಮಾನನ್ನೆಲ್ಲ ಮೇಲಿನ ಕ್ಯಾರಿಯರ್‌ಗೆ ಕಟ್ಟಿ.